ಕಂಬಂ ಕಣಿವೆಯ ತರಗತಿಗಳಲ್ಲಿ ತಂತ್ರಜ್ಞಾನ: ಸಲಕರಣೆ, ಉದ್ದೇಶ ಮತ್ತು ಮನೆಮಾತು

ತರಗತಿಯಲ್ಲಿ ತಂತ್ರಜ್ಞಾನದ ಬಳಕೆಯನ್ನು ಕುರಿತ ಚರ್ಚೆ ಭಾರತದಲ್ಲಿ ಬಹುಮಟ್ಟಿಗೆ ಸಲಕರಣೆಗಳ ಲೆಕ್ಕವಾಗಿಯೇ ನಡೆದುಬಂದಿದೆ. ಎಷ್ಟು ಶಾಲೆಗಳಿಗೆ ಕಂಪ್ಯೂಟರ್ ತಲುಪಿತು, ಎಷ್ಟು ಮಕ್ಕಳ ಕೈಗೆ ಲ್ಯಾಪ್‌ಟಾಪ್ ಸೇರಿತು, ಎಷ್ಟು ಗೋಡೆಗಳಿಗೆ ಪರದೆ ಬಂತು ಎಂಬುದನ್ನು ಎಣಿಸಿ ಹೇಳಬಹುದು. ಆ ಪರದೆಯ ಮುಂದೆ ಕುಳಿತ ಮಗು ನಿನ್ನೆಯವರೆಗೆ ತಿಳಿಯದಿದ್ದ ಯಾವುದನ್ನು ಇಂದು ತಿಳಿದುಕೊಂಡಿತು ಎಂಬುದು ಹಾಗೆ ಎಣಿಕೆಗೆ ಸಿಗದ ಕಾರಣ ವರದಿಗಳಲ್ಲಿ ಹಿಂದೆ ಸರಿಯುತ್ತದೆ. ಉದ್ದೇಶಪೂರ್ವಕ ಬಳಕೆ ಎಂದರೆ, ಈ ಲೇಖನದ ಮಟ್ಟಿಗೆ, ಕಲಿಕೆಯ ಒಂದು ನಿರ್ದಿಷ್ಟ ತೊಡಕನ್ನು ಮೊದಲು ಗುರುತಿಸಿ, ಅದನ್ನು ಸೀಮೆಸುಣ್ಣ, ಪುಸ್ತಕ ಮತ್ತು ಮಾತಿನಿಂದ ಬಿಡಿಸಲಾಗದು ಅಥವಾ ಅಷ್ಟು ಚೆನ್ನಾಗಿ ಬಿಡಿಸಲಾಗದು ಎಂದು ಮನಗಂಡ ಮೇಲೆ ಉಪಕರಣವನ್ನು ಕೈಗೆತ್ತಿಕೊಳ್ಳುವುದು. ಈ ಅಳತೆಗೋಲನ್ನು ಹಿಡಿದು ನೋಡಲು ತಮಿಳುನಾಡಿನ ತೇನಿ, ಕಂಬಂ ಕಣಿವೆ ಮತ್ತು ದಿಂಡಿಗಲ್ ಪ್ರದೇಶ ವಿಶೇಷವಾಗಿ ಒದಗಿಬರುತ್ತದೆ. ಶಾಲೆಗಳಿಗೆ ತಂತ್ರಜ್ಞಾನ ತಲುಪಿಸುವುದರಲ್ಲಿ ದೇಶದ ಮುಂಚೂಣಿಯಲ್ಲಿರುವ ರಾಜ್ಯವೊಂದರ ಒಳಗೆ, ಮನೆಯಲ್ಲಿ ಕನ್ನಡವಾಡಿ ಶಾಲೆಯಲ್ಲಿ ತಮಿಳು ಓದುವ ಮಕ್ಕಳು ಇಲ್ಲಿ ತಲೆಮಾರುಗಳಿಂದ ಇದ್ದಾರೆ; ಅವರ ತೊಡಕನ್ನು ಬಿಡಿಸಲೆಂದು ಹೊರಟ ದೊಡ್ಡ ಯೋಜನೆ ಮಾತ್ರ ಕಾಣುವುದಿಲ್ಲ.

ಪಶ್ಚಿಮಘಟ್ಟದ ಪೂರ್ವ ಮಗ್ಗುಲಿಗೆ ಅಂಟಿಕೊಂಡಿರುವ ಕಂಬಂ ಕಣಿವೆ ಮಳೆನೆರಳಿನ ಪ್ರದೇಶವಾಗಿದ್ದರೂ 1895ರಲ್ಲಿ ಮುಗಿದ ಮುಲ್ಲಪೆರಿಯಾರ್ ಅಣೆಕಟ್ಟಿನ ನೀರಿನಿಂದ ಭತ್ತ, ದ್ರಾಕ್ಷಿ, ಬಾಳೆ ಬೆಳೆಯುವ ಹಸಿರು ಪಟ್ಟಿಯಾಗಿದೆ. ಇಡೀ ಪ್ರದೇಶ ಹಿಂದೆ ಮದುರೈ ಜಿಲ್ಲೆಯ ಭಾಗವಾಗಿದ್ದು, 1985ರಲ್ಲಿ ದಿಂಡಿಗಲ್ ಮತ್ತು 1990ರ ದಶಕದ ಉತ್ತರಾರ್ಧದಲ್ಲಿ ತೇನಿ ಪ್ರತ್ಯೇಕ ಜಿಲ್ಲೆಗಳಾದವು. ಕಂಬಂ, ಉತ್ತಮಪಾಳಯಂ, ಬೋಡಿನಾಯಕನೂರು ಸುತ್ತಿನ ಊರುಗಳಲ್ಲಿ ಒಕ್ಕಲಿಗ ಕಪ್ಪಿಲಿಯರೂ ಅನುಪ್ಪ ಗೌಂಡರೂ, ದಿಂಡಿಗಲ್ ಬದಿಯ ನೇಕಾರರ ಊರುಗಳಲ್ಲಿ ದೇವಾಂಗರೂ, ಅಲ್ಲಲ್ಲಿ ಕುರುಂಬ ಗೌಂಡರೂ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡಿದ್ದಾರೆ. ವಿಜಯನಗರದ ಮತ್ತು ಮದುರೈ ನಾಯಕರ ಕಾಲದಲ್ಲಿ ಕನ್ನಡನಾಡಿನಿಂದ ದಕ್ಷಿಣಕ್ಕೆ ಸರಿದು ಬಂದವರೆಂಬುದು ಈ ಸಮುದಾಯಗಳ ಪರಂಪರೆಯ ನಂಬಿಕೆ. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ ಮತ್ತು ಕೆ. ರಂಗಾಚಾರಿ ಅವರ ಏಳು ಸಂಪುಟಗಳ ಜಾತಿ–ಬುಡಕಟ್ಟು ಕೋಶದಲ್ಲಿ ಕಪ್ಪಿಲಿಯರನ್ನು ಕನ್ನಡ ಮಾತಾಡುವ ಒಕ್ಕಲುಗಳೆಂದೇ ಗುರುತಿಸಲಾಗಿದೆ. 2011ರ ಜನಗಣತಿಯ ಪ್ರಕಾರ ತಮಿಳುನಾಡಿನಲ್ಲಿ ಕನ್ನಡ ಭಾಷಿಕರೆಂದು ಲೆಕ್ಕಕ್ಕೆ ಬಂದವರು ಸುಮಾರು 12.9 ಲಕ್ಷ, ಅಂದರೆ ರಾಜ್ಯದ ಜನಸಂಖ್ಯೆಯ ಶೇ. 1.8ರಷ್ಟು.

ಈ ಕನ್ನಡಕ್ಕೂ ಗಡಿಭಾಗದ ಕನ್ನಡಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಹೊಸೂರು, ತಾಳವಾಡಿ ಕಡೆ ಕನ್ನಡ ಮಾಧ್ಯಮದ ಶಾಲೆಗಳಿವೆ, ಕನ್ನಡ ಪಠ್ಯಪುಸ್ತಕವಿದೆ, ಕನ್ನಡ ಶಿಕ್ಷಕರ ನೇಮಕದ ಜಗಳವೂ ಇದೆ. ಕಂಬಂ ಕಣಿವೆಯ ಕನ್ನಡ ಬಾಯಿಮಾತಿನ ಕನ್ನಡ: ಆಡುತ್ತಾರೆ, ಲಿಪಿ ಅರಿಯರು, ಓದು ಬರಹವೆಲ್ಲ ತಮಿಳಿನಲ್ಲಿ. ಸಂವಿಧಾನಕ್ಕೆ 1956ರ ಏಳನೆಯ ತಿದ್ದುಪಡಿಯ ಮೂಲಕ ಸೇರಿದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ತಕ್ಕ ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಹೇಳುತ್ತದೆಯಾದರೂ, ಬೇಡಿಕೆ ಸಲ್ಲಿಸುವ ಶಾಲೆಯೇ ಇಲ್ಲದ ಕಡೆ ಆ ವಿಧಿ ಕಾಗದದ ಮೇಲೆ ಉಳಿಯುತ್ತದೆ. ತಮಿಳುನಾಡಿನಲ್ಲಿ 1968ರಿಂದ ದ್ವಿಭಾಷಾ ನೀತಿಯಿದೆ. 2006ರ ತಮಿಳು ಕಲಿಕೆ ಕಾಯ್ದೆಯು ಒಂದನೆಯ ತರಗತಿಯಿಂದ ಆರಂಭಿಸಿ ಹಂತಹಂತವಾಗಿ ತಮಿಳನ್ನು ಕಡ್ಡಾಯಗೊಳಿಸಿದಾಗ ಗಡಿ ಜಿಲ್ಲೆಗಳ ಅಲ್ಪಸಂಖ್ಯಾತ ಭಾಷೆಯ ಶಾಲೆಗಳು ನ್ಯಾಯಾಲಯದ ಮೆಟ್ಟಿಲೇರಿದವು. ಕಂಬಂ ಕಣಿವೆಯ ಕನ್ನಡ ಆ ವ್ಯಾಜ್ಯದ ಹೊರಗೇ ಉಳಿಯಿತು. ಕಳೆದುಕೊಳ್ಳಲು ಅದಕ್ಕೆ ಶಾಲೆಯಲ್ಲಿ ಜಾಗವೇ ಇರಲಿಲ್ಲ. ಇದನ್ನು ಕೇವಲ ದೂರಾಗಿ ಓದಬೇಕಾಗಿಲ್ಲ. ಈ ಸಮುದಾಯಗಳು ತಮಿಳನ್ನು ಪರಭಾಷೆ ಎಂದು ಕಾಣದೆ ಸಂತೆ, ದೇವಸ್ಥಾನ, ಕಚೇರಿಗಳ ಮಾತಾಗಿ ಸಹಜವಾಗಿ ಬಳಸುತ್ತ ಬಂದಿವೆ. ಆದರೆ ಐದಾರು ವರ್ಷದ ಮಗು ಮೊದಲ ದಿನ ತರಗತಿಗೆ ಬಂದಾಗ ಅದರ ಬಳಿ ಇರುವ ಎಣಿಕೆ, ಬಣ್ಣ, ನಂಟು, ಗಿಡಮರಗಳ ತಿಳಿವಳಿಕೆ ಕನ್ನಡದಲ್ಲಿರುತ್ತದೆ ಎಂಬುದನ್ನು ಶಿಕ್ಷಣಕ್ರಮ ಗಣನೆಗೆ ತೆಗೆದುಕೊಳ್ಳಬೇಕಾಗುತ್ತದೆ.

ಶಾಲೆಗೆ ಯಂತ್ರ ತರುವ ಪ್ರಯತ್ನ ಹೊಸದಲ್ಲ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಅಮೆರಿಕದ ಎಟಿಎಸ್–6 ಉಪಗ್ರಹವನ್ನು ಎರವಲು ಪಡೆದು ಇಸ್ರೋ ನಡೆಸಿದ ಸೈಟ್ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ತಲುಪಿತ್ತು. ಬೆಳಗಿನ ಹೊತ್ತು ಶಾಲಾಮಕ್ಕಳಿಗಾಗಿಯೇ ಕಾರ್ಯಕ್ರಮಗಳಿದ್ದವು, ಮತ್ತು ಕರ್ನಾಟಕದ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗಾಗಿ ಅವು ಕನ್ನಡದಲ್ಲಿ ಬರುತ್ತಿದ್ದವು. 1984ರಲ್ಲಿ ಆರಂಭವಾದ ಕ್ಲಾಸ್ ಯೋಜನೆ ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೋ ಕಂಪ್ಯೂಟರುಗಳನ್ನು ಕೊಟ್ಟಿತು. ಮೂರು ವರ್ಷಗಳ ಬಳಿಕ ಬಂದ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಎಂಬ ಕೇಂದ್ರ ಯೋಜನೆ ಪ್ರಾಥಮಿಕ ಶಾಲೆಗಳಿಗೆ ಕೊಠಡಿ, ಇನ್ನೊಬ್ಬ ಶಿಕ್ಷಕ ಮತ್ತು ಕಪ್ಪುಹಲಗೆಯಂಥ ಮೂಲ ಸಾಮಗ್ರಿ ಒದಗಿಸಲು ಹೊರಟಿತೆಂದರೆ, ಒಂದೇ ದಶಕದಲ್ಲಿ ಕೆಲವು ಶಾಲೆಗಳಿಗೆ ಕಂಪ್ಯೂಟರೂ ಇನ್ನು ಹಲವಕ್ಕೆ ಕಪ್ಪುಹಲಗೆಯೂ ಸುದ್ದಿಯಾಗಿದ್ದವು ಎಂದಾಯಿತು. 2004ರ ಸೆಪ್ಟೆಂಬರ್‌ನಲ್ಲಿ ಹಾರಿದ ಎಡುಸ್ಯಾಟ್ ಶಿಕ್ಷಣಕ್ಕೆಂದೇ ಮೀಸಲಾದ ಉಪಗ್ರಹ. ಅದರ ಮೊದಲ ಪ್ರಾಥಮಿಕ ಶಾಲಾ ಪ್ರಯೋಗಗಳಲ್ಲಿ ಒಂದು ನಡೆದದ್ದು ಚಾಮರಾಜನಗರ ಜಿಲ್ಲೆಯಲ್ಲಿ. ಈ ಉಪಗ್ರಹ ಪ್ರಯೋಗಗಳು ಒಳ್ಳೆಯ ಪಾಠವೊಂದನ್ನು ದೂರದಲ್ಲಿ ಸಿದ್ಧಪಡಿಸಿ ತರಗತಿಗೆ ಕಳುಹಿಸುವ ಒಂದೇ ಕಲ್ಪನೆಯ ಮೇಲೆ ನಿಂತಿದ್ದವು.

ತಮಿಳುನಾಡು ಈ ಕಲ್ಪನೆಯನ್ನು ಬೇರೆಲ್ಲೂ ಕಾಣದ ಪ್ರಮಾಣಕ್ಕೆ ಒಯ್ದಿತು. 2011ರ ಸೆಪ್ಟೆಂಬರ್‌ನಲ್ಲಿ ಜಯಲಲಿತಾ ಸರ್ಕಾರ ಆರಂಭಿಸಿದ ಉಚಿತ ಲ್ಯಾಪ್‌ಟಾಪ್ ಯೋಜನೆ ಸರ್ಕಾರಿ ಮತ್ತು ಅನುದಾನಿತ ಶಾಲೆ–ಕಾಲೇಜುಗಳ ಲಕ್ಷಾಂತರ ವಿದ್ಯಾರ್ಥಿಗಳನ್ನು ತಲುಪಿತು. 2018ರಿಂದ ಹೊಸ ಪಠ್ಯಪುಸ್ತಕಗಳ ಪುಟಗಳಲ್ಲಿ ಕ್ಯೂಆರ್ ಸಂಕೇತಗಳು ಕಾಣಿಸಿಕೊಂಡವು. ಕ್ಯೂಆರ್ ಎಂದರೆ ಫೋನಿನ ಕ್ಯಾಮೆರಾ ಓದಬಲ್ಲ ಚೌಕುಳಿ ಗುರುತು, ಅದನ್ನು ಹಿಡಿದರೆ 2017ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ದೀಕ್ಷಾ ವೇದಿಕೆಯಲ್ಲಿರುವ ಪಾಠದ ವಿಡಿಯೋ ತೆರೆದುಕೊಳ್ಳುತ್ತದೆ. 2019ರ ಆಗಸ್ಟ್‌ನಲ್ಲಿ ಕಲ್ವಿ ತೊಲೈಕ್ಕಾಟ್ಚಿ ಎಂಬ ಶೈಕ್ಷಣಿಕ ವಾಹಿನಿ ಶುರುವಾಯಿತು. ಅದೇ ಸುಮಾರಿಗೆ ಪ್ರೌಢಶಾಲೆಗಳಲ್ಲಿ ಹೈಟೆಕ್ ಪ್ರಯೋಗಾಲಯಗಳು ಎದ್ದವು. ಈಚೆಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳಲ್ಲಿ ಸ್ಮಾರ್ಟ್ ತರಗತಿ ಸ್ಥಾಪಿಸುವ ಯೋಜನೆ ಬಂದಿದೆ, 2023ರಲ್ಲಿ ಮಣರ್ಕೇಣಿ ಎಂಬ ಪಾಠದ ಆ್ಯಪ್ ಬಿಡುಗಡೆಯಾಗಿದೆ. ಉತ್ತಮಪಾಳಯದ ಶಾಲೆಗೂ ಚೆನ್ನೈನ ಶಾಲೆಗೂ ಒಂದೇ ಪರದೆ, ಒಂದೇ ವಿಡಿಯೋ ಎಂಬುದರಲ್ಲಿ ಸಮಾನತೆಯ ಒಂದು ನಿಜವಾದ ಅಂಶವಿದೆ. ಖಾಸಗಿ ಶಾಲೆಯ ಶುಲ್ಕ ಕಟ್ಟಲಾಗದ ಏಲಕ್ಕಿ ತೋಟದ ಕೂಲಿಯ ಮಗಳ ಕೈಗೆ ಲ್ಯಾಪ್‌ಟಾಪ್ ಬಂದದ್ದನ್ನು ಹಗುರವಾಗಿ ಕಾಣುವ ಟೀಕೆ ಪಟ್ಟಣದ ಟೀಕೆ.

ಆದರೂ ಸಮಾನವಾಗಿ ಹಂಚಿದ ಮಾತ್ರಕ್ಕೆ ಕಲಿಕೆ ಸಮಾನವಾಗಿ ಏರುವುದಿಲ್ಲ ಎಂಬುದಕ್ಕೆ ಸಂಶೋಧನೆಯ ಸಾಕ್ಷ್ಯ ಸಾಕಷ್ಟಿದೆ. ಪೆರು ದೇಶದ ಗ್ರಾಮೀಣ ಶಾಲೆಗಳಿಗೆ ಮಗುವಿಗೊಂದು ಲ್ಯಾಪ್‌ಟಾಪ್ ಯೋಜನೆಯಡಿ ಯಂತ್ರಗಳನ್ನು ಹಂಚಿದ ಮೇಲೆ ನಡೆದ, 2012ರಲ್ಲಿ ಪ್ರಕಟವಾದ ಅಧ್ಯಯನ ಗಣಿತದಲ್ಲಿಯೂ ಭಾಷೆಯಲ್ಲಿಯೂ ಗಮನಿಸಬೇಕಾದ ಸುಧಾರಣೆಯನ್ನು ಕಾಣಲಿಲ್ಲ. ಇದಕ್ಕೆ ತದ್ವಿರುದ್ಧವಾದ ಫಲಿತಾಂಶ ಗುಜರಾತಿನ ವಡೋದರದಿಂದ ಬಂತು: ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಲ್ಕನೆಯ ತರಗತಿಯ ಮಕ್ಕಳು ವಾರಕ್ಕೆ ಎರಡು ಗಂಟೆ ತಮ್ಮ ಮಟ್ಟಕ್ಕೆ ಹೊಂದುವ ಗಣಿತದ ಆಟಗಳನ್ನು ಕಂಪ್ಯೂಟರಿನಲ್ಲಿ ಆಡಿದಾಗ ಗಣಿತದ ಅಂಕ 0.47 ಪ್ರಮಾಣ ವಿಚಲನೆಯಷ್ಟು ಏರಿತು. ಪ್ರಮಾಣ ವಿಚಲನೆ ಎಂದರೆ ಒಂದು ಗುಂಪಿನ ಅಂಕಗಳು ಸರಾಸರಿಯಿಂದ ಎಷ್ಟು ದೂರ ಹರಡಿವೆ ಎಂಬುದರ ಅಳತೆ. ಶಿಕ್ಷಣದ ಪ್ರಯೋಗಗಳಲ್ಲಿ ಅದರ ಕಾಲುಭಾಗದ ಏರಿಕೆಯನ್ನೂ ದೊಡ್ಡದೆಂದೇ ಎಣಿಸುತ್ತಾರೆ. ದೆಹಲಿಯಲ್ಲಿ ಶಾಲೆ ಬಿಟ್ಟ ಮೇಲಿನ ಕೇಂದ್ರಗಳಲ್ಲಿ ಮೈಂಡ್‌ಸ್ಪಾರ್ಕ್ ತಂತ್ರಾಂಶ ಬಳಸಿದ ಮಕ್ಕಳನ್ನು ಕಾರ್ತಿಕ್ ಮುರಳೀಧರನ್, ಅಭಿಜಿತ್ ಸಿಂಗ್ ಮತ್ತು ಅಲೆಹಾಂಡ್ರೊ ಗಾನಿಮಿಯನ್ ಪರೀಕ್ಷಿಸಿದಾಗ, ನಾಲ್ಕೂವರೆ ತಿಂಗಳಲ್ಲಿ ಗಣಿತದಲ್ಲಿ 0.37 ಮತ್ತು ಹಿಂದಿಯಲ್ಲಿ 0.23 ಪ್ರಮಾಣ ವಿಚಲನೆಯ ಏರಿಕೆ ಕಂಡುಬಂತು. ಆ ತಂತ್ರಾಂಶ ಮಾಡಿದ್ದಿಷ್ಟೆ: ಎಂಟನೆಯ ತರಗತಿಯಲ್ಲಿ ಕುಳಿತಿದ್ದು ನಾಲ್ಕನೆಯ ತರಗತಿಯ ಭಾಗಾಕಾರದಲ್ಲಿ ಸಿಕ್ಕಿಬಿದ್ದ ಮಗುವಿಗೆ ನಾಲ್ಕನೆಯ ತರಗತಿಯ ಭಾಗಾಕಾರವನ್ನೇ ಕೊಟ್ಟಿತು. ಅರವತ್ತು ಮಕ್ಕಳ ಮುಂದೆ ನಿಂತ ಶಿಕ್ಷಕ ಎಷ್ಟೇ ಸಮರ್ಥನಾದರೂ ಅರವತ್ತು ಮಟ್ಟಗಳಲ್ಲಿ ಏಕಕಾಲಕ್ಕೆ ಪಾಠ ಹೇಳಲಾರ; ಯಂತ್ರ ಇಲ್ಲಿ ಶಿಕ್ಷಕನಿಗೆ ಆಗದ ಕೆಲಸವೊಂದನ್ನು ಮಾಡುತ್ತಿತ್ತು.

ಈ ಸರಣಿಯಲ್ಲಿ ಹೆಚ್ಚು ಉಲ್ಲೇಖವಾಗಬೇಕಿದ್ದು ಕಡಿಮೆ ಉಲ್ಲೇಖವಾಗುವ ಅಧ್ಯಯನ ಲೀ ಲಿಂಡನ್ 2008ರಲ್ಲಿ ಗುಜರಾತಿನ ಜ್ಞಾನಶಾಲಾ ಎಂಬ ಸಂಸ್ಥೆಯ ಶಾಲೆಗಳ ಬಗ್ಗೆ ಬರೆದದ್ದು. ಅಲ್ಲಿ ಒಂದೇ ಗಣಿತ ತಂತ್ರಾಂಶವನ್ನು ಎರಡು ಬಗೆಯಲ್ಲಿ ಬಳಸಲಾಯಿತು. ಶಾಲೆಯ ಪಾಠದ ಅವಧಿಯನ್ನೇ ಕಂಪ್ಯೂಟರಿಗೆ ಬಿಟ್ಟುಕೊಟ್ಟ ಕಡೆ ಮಕ್ಕಳು ಮೊದಲಿಗಿಂತ ಕಡಿಮೆ ಕಲಿತರು. ಶಾಲೆಯ ಹೊತ್ತಿಗೆ ಹೆಚ್ಚುವರಿಯಾಗಿ ಕೊಟ್ಟ ಕಡೆ ಹೆಚ್ಚು ಕಲಿತರು. ಎರಡೂ ಕಡೆ ಯಂತ್ರ ಅದೇ, ತಂತ್ರಾಂಶ ಅದೇ. ಚೆನ್ನಾಗಿ ನಡೆಯುತ್ತಿದ್ದ ಪಾಠವನ್ನು ಅದು ನುಂಗಿತೋ, ಅದಕ್ಕೆ ಜೊತೆಯಾಯಿತೋ ಎಂಬುದರಲ್ಲಿ ಮಾತ್ರ ವ್ಯತ್ಯಾಸವಿತ್ತು. ಯುನೆಸ್ಕೋದ 2023ರ ಜಾಗತಿಕ ಶಿಕ್ಷಣ ವರದಿಯೂ ತಂತ್ರಜ್ಞಾನ ಶಿಕ್ಷಣದ ಷರತ್ತಿಗೆ ಒಳಪಡಬೇಕೇ ಹೊರತು ಶಿಕ್ಷಣ ಅದರ ಷರತ್ತಿಗಲ್ಲ ಎಂಬ ಧೋರಣೆಯನ್ನೇ ತಾಳಿದೆ.

ಕೋವಿಡ್ ಕಾಲದ ತಮಿಳುನಾಡು ಈ ವಿಷಯದಲ್ಲಿ ತಾನಾಗಿಯೇ ಒಂದು ದೊಡ್ಡ ಪ್ರಯೋಗವಾಯಿತು. ಶಾಲೆಗಳು ಮುಚ್ಚಿದ್ದಾಗ ಕಲ್ವಿ ವಾಹಿನಿ ಪಾಠ ಬಿತ್ತರಿಸುತ್ತಲೇ ಇತ್ತು. ಸಿಂಗ್, ಮೌರಿಸಿಯೊ ರೊಮೆರೊ ಮತ್ತು ಮುರಳೀಧರನ್ ರಾಜ್ಯದ ಗ್ರಾಮೀಣ ಭಾಗದ ಸುಮಾರು 19,000 ಮಕ್ಕಳನ್ನು ಮನೆಮನೆಗೆ ಹೋಗಿ ಪರೀಕ್ಷಿಸಿದಾಗ, 2021ರ ಡಿಸೆಂಬರ್ ಹೊತ್ತಿಗೆ ಕಲಿಕೆಯ ನಷ್ಟ ಬಹಳ ದೊಡ್ಡದಿತ್ತು, ಅದರಲ್ಲಿಯೂ ಗಣಿತದ ನಷ್ಟ ಭಾಷೆಯ ನಷ್ಟದ ಎರಡು ಪಟ್ಟಿನಷ್ಟಿತ್ತು; ಶಾಲೆಗಳು ತೆರೆದ ಆರು ತಿಂಗಳಲ್ಲಿ ಆ ನಷ್ಟದ ಮೂರನೆಯ ಎರಡು ಭಾಗ ತುಂಬಿಕೊಂಡಿತು. ಹಾಗೆ ತುಂಬಿದ್ದರಲ್ಲಿ ಸುಮಾರು ಕಾಲುಭಾಗ ಇಲ್ಲಂ ತೇಡಿ ಕಲ್ವಿ ಯೋಜನೆಯ ಫಲವೆಂದು ಅಧ್ಯಯನ ಲೆಕ್ಕಹಾಕಿತು. 2021ರ ಅಕ್ಟೋಬರ್‌ನಲ್ಲಿ ಆರಂಭವಾದ ಆ ಯೋಜನೆಯಲ್ಲಿ ಊರಿನದೇ ಸ್ವಯಂಸೇವಕರು, ಬಹುತೇಕ ಮಹಿಳೆಯರು, ಸಂಜೆ ಒಂದೂವರೆ ಗಂಟೆಯಷ್ಟು ಹೊತ್ತು ಮಕ್ಕಳನ್ನು ಮನೆಯ ಹತ್ತಿರವೇ ಕೂರಿಸಿಕೊಂಡು ಓದಿಸುತ್ತಿದ್ದರು. ತಂತ್ರಜ್ಞಾನದಲ್ಲಿ ಇಷ್ಟೊಂದು ತೊಡಗಿಸಿದ ರಾಜ್ಯದಲ್ಲಿ ಮಕ್ಕಳನ್ನು ಮೇಲೆತ್ತಿದ್ದು ತೆರೆದ ಶಾಲೆ ಮತ್ತು ಪಕ್ಕದ ಬೀದಿಯ ಅಕ್ಕ.

ಉದ್ದೇಶದ ಪ್ರಶ್ನೆಯನ್ನು ಈ ಪ್ರದೇಶ ಬಹಳ ಹಿಂದೆಯೇ ಇನ್ನೊಂದು ರೂಪದಲ್ಲಿ ಕಂಡಿತ್ತು. ದಿಂಡಿಗಲ್‌ನಿಂದ ಮದುರೈಗೆ ಹೋಗುವ ದಾರಿಯಲ್ಲಿ, ಚಿನ್ನಾಳಪಟ್ಟಿಯ ಪಕ್ಕ, 1947ರಲ್ಲಿ ಟಿ. ಎಸ್. ಸೌಂದರಂ ಮತ್ತು ಜಿ. ರಾಮಚಂದ್ರನ್ ದಂಪತಿ ಗಾಂಧಿಗ್ರಾಮವನ್ನು ಸ್ಥಾಪಿಸಿದರು. 1956ರಲ್ಲಿ ಆರಂಭವಾದ ಅದರ ಗ್ರಾಮೀಣ ಸಂಸ್ಥೆ 1976ರಲ್ಲಿ ಪರಿಗಣಿತ ವಿಶ್ವವಿದ್ಯಾಲಯವಾಯಿತು. ಅದರ ಬೇರು 1937ರ ವಾರ್ಧಾ ಸಮ್ಮೇಳನದಲ್ಲಿ ರೂಪುಗೊಂಡ ನಯೀ ತಾಲೀಮ್‌ನಲ್ಲಿದೆ. ನಯೀ ತಾಲೀಮ್ ಎಂದರೆ ಕೈಕಸುಬನ್ನು ಪಠ್ಯಕ್ಕೆ ಸೇರಿಸುವುದಷ್ಟೇ ಅಲ್ಲ, ಕಸುಬಿನ ಮೂಲಕವೇ ಗಣಿತ, ಭೂಗೋಳ, ಭಾಷೆಗಳನ್ನು ಕಲಿಸುವ ಕ್ರಮ. ತಕಲಿಯಲ್ಲಿ ನೂತ ನೂಲನ್ನು ಅಳೆದು ತೂಗಿ ಲೆಕ್ಕ ಬರೆಯುವ ಮಗುವಿಗೆ ತಕಲಿಯೇ ತರಗತಿಯ ತಂತ್ರಜ್ಞಾನ. ಅದು ಏತಕ್ಕೆಂದು ಯಾರೂ ಕೇಳಬೇಕಾಗಿರಲಿಲ್ಲ. ನಯೀ ತಾಲೀಮ್ ಸರ್ಕಾರಿ ಶಾಲೆಗಳಲ್ಲಿ ಏಕೆ ಬೇರೂರಲಿಲ್ಲ ಎಂಬುದು ಬೇರೆಯೇ ಕಥೆ, ಮತ್ತು ಮಕ್ಕಳ ದುಡಿಮೆಯ ಬಗ್ಗೆ ಅದರ ಮೇಲಿದ್ದ ಆಕ್ಷೇಪಗಳು ಪೊಳ್ಳಲ್ಲ. ಆದರೂ ಉಪಕರಣ ಮತ್ತು ಪಾಠ ಒಂದೇ ಎಳೆಯಲ್ಲಿ ಹೆಣೆದುಕೊಂಡಿರಬೇಕೆಂಬ ಅದರ ಹಟ ಇಂದಿನ ಸ್ಮಾರ್ಟ್ ತರಗತಿಗೂ ಅನ್ವಯಿಸುತ್ತದೆ.

ಆ ಹಟವನ್ನು ಈ ನೆಲದ ಪಾಠಗಳಿಗೆ ಹೊಂದಿಸಿ ನೋಡಿದರೆ ಯಂತ್ರ ಎಲ್ಲಿ ನಿಜಕ್ಕೂ ಬೇಕು ಎಂಬುದು ತೆರೆದುಕೊಳ್ಳುತ್ತದೆ. ಕಂಬಂ ಕಣಿವೆಯ ಮಗು ಮುಲ್ಲಪೆರಿಯಾರ್ ಎಂಬ ಹೆಸರನ್ನು ಹುಟ್ಟಿನಿಂದ ಕೇಳಿರುತ್ತದೆ. ಅಣೆಕಟ್ಟು ಕಟ್ಟಿಸಿದ ಎಂಜಿನಿಯರ್ ಜಾನ್ ಪೆನ್ನಿಕ್ವಿಕ್‌ನ ಚಿತ್ರ ಅಂಗಡಿಗಳಲ್ಲಿ, ಮನೆಗಳಲ್ಲಿ ದೇವರ ಪಟದ ಸಾಲಿನಲ್ಲಿ ಇರುತ್ತದೆ. ಆದರೆ ಪಶ್ಚಿಮಕ್ಕೆ, ಅರಬ್ಬೀ ಸಮುದ್ರದತ್ತ ಹರಿಯಬೇಕಾದ ನದಿಯ ನೀರು ಬೆಟ್ಟದ ನೆತ್ತಿಯನ್ನು ದಾಟಿ ಪೂರ್ವಕ್ಕೆ ಹೇಗೆ ಬಂತು ಎಂಬುದನ್ನು ಕಪ್ಪುಹಲಗೆಯ ಮೇಲೆ ಅಡ್ಡಗೆರೆ ಎಳೆದು ವಿವರಿಸುವುದು ಕಷ್ಟ. ಜಲವಿಭಾಜಕ ಎಂದರೆ ಎರಡು ನದಿಗಳ ಕೊಳ್ಳಗಳನ್ನು ಬೇರ್ಪಡಿಸುವ ಎತ್ತರದ ಗೆರೆ. ಆ ಗೆರೆಯನ್ನು ಕೊರೆದ ಸುಮಾರು 1.7 ಕಿಲೋಮೀಟರ್ ಉದ್ದದ ಸುರಂಗದ ಮೂಲಕ ಪೆರಿಯಾರ್ ನೀರು ವೈಗೈ ಕೊಳ್ಳಕ್ಕೆ ಇಳಿಯುತ್ತದೆ. ಪ್ರಯೋಗಾಲಯದ ಕಂಪ್ಯೂಟರಿನಲ್ಲಿ ಉಪಗ್ರಹ ಚಿತ್ರವನ್ನು ತೆರೆದು, ನೆಲದ ಏರಿಳಿತ ತೋರುವಂತೆ ಓರೆಯಾಗಿಸಿ, ಘಟ್ಟದ ಆಚೆಯ ತೇಕ್ಕಡಿ ಜಲಾಶಯವನ್ನೂ ಈಚೆಯ ಭತ್ತದ ಗದ್ದೆಯನ್ನೂ ಒಂದೇ ನೋಟಕ್ಕೆ ತಂದರೆ, ಬೇಸಿಗೆ ಮತ್ತು ಮಳೆಗಾಲದ ಚಿತ್ರಗಳನ್ನು ಹೋಲಿಸಲು ಹೇಳಿದರೆ, ತನ್ನ ಊರು ಹಸಿರಾಗಿರುವುದಕ್ಕೂ ತಮಿಳುನಾಡು–ಕೇರಳಗಳ ನಡುವಿನ ಜಗಳಕ್ಕೂ ಇರುವ ನಂಟನ್ನು ಮಗು ತಾನೇ ಬಿಡಿಸಿಕೊಳ್ಳುತ್ತದೆ. ಇಂಥ ಪಾಠಕ್ಕೆ ಬೇಕಾದದ್ದು ಹೊಸ ಆ್ಯಪ್ ಅಲ್ಲ. ಒಂದು ಅವಧಿಯ ಬಿಡುವು ಮತ್ತು ಯಾವ ಪ್ರಶ್ನೆ ಕೇಳಬೇಕೆಂದು ಬಲ್ಲ ಶಿಕ್ಷಕಿ.

ದಿಂಡಿಗಲ್ ಜಿಲ್ಲೆಯ ಬೆಟ್ಟದ ಮೇಲೆ ಇದಕ್ಕಿಂತಲೂ ಅಪರೂಪದ ಸಾಮಗ್ರಿ ಇದೆ. 1899ರಲ್ಲಿ ಸ್ಥಾಪನೆಯಾದ ಕೊಡೈಕನಾಲ್ ಸೌರ ವೀಕ್ಷಣಾಲಯ ಇಪ್ಪತ್ತನೆಯ ಶತಮಾನದ ಆರಂಭದಿಂದ ಸೂರ್ಯನ ಚಿತ್ರಗಳನ್ನು ತೆಗೆಯುತ್ತ ಬಂದಿದೆ. ಸೂರ್ಯಕಲೆಗಳಲ್ಲಿ ಅನಿಲ ಹೊರಮುಖವಾಗಿ ಹರಿಯುವುದನ್ನು ಜಾನ್ ಎವರ್ಶೆಡ್ 1909ರಲ್ಲಿ ಕಂಡುಹಿಡಿದದ್ದು ಅಲ್ಲಿಯೇ. ಸೂರ್ಯಕಲೆ ಎಂದರೆ ಸೂರ್ಯನ ಮೇಲ್ಮೈಯಲ್ಲಿ ಸುತ್ತಲಿಗಿಂತ ತಣ್ಣಗಿರುವುದರಿಂದ ಕಪ್ಪಾಗಿ ಕಾಣುವ ಪ್ರದೇಶ. ಅವುಗಳ ಸಂಖ್ಯೆ ಸುಮಾರು ಹನ್ನೊಂದು ವರ್ಷಗಳಿಗೊಮ್ಮೆ ಏರಿ ಇಳಿಯುತ್ತದೆ. ಗಾಜಿನ ಫಲಕ ಮತ್ತು ಫಿಲ್ಮುಗಳಲ್ಲಿದ್ದ ಆ ಚಿತ್ರಗಳನ್ನು ಭಾರತೀಯ ಖಭೌತ ಸಂಸ್ಥೆ ಗಣಕೀಕರಿಸಿದೆ. ಹತ್ತನೆಯ ತರಗತಿಯ ಮಕ್ಕಳ ಗುಂಪೊಂದು ಒಂದೊಂದು ವರ್ಷದ ಕೆಲವು ಚಿತ್ರಗಳನ್ನು ಹಂಚಿಕೊಂಡು, ಕಲೆಗಳನ್ನು ಎಣಿಸಿ, ಗ್ರಾಫ್ ಹಾಳೆಯ ಮೇಲೆ ಬಿಂದುಗಳನ್ನಿಟ್ಟರೆ ಹನ್ನೊಂದು ವರ್ಷದ ಏರಿಳಿತ ಅವರ ಕೈಯಿಂದಲೇ ಮೂಡುತ್ತದೆ. ವಿಡಿಯೋ ಒಂದರಲ್ಲಿ ಅದೇ ಸಂಗತಿಯನ್ನು ಎರಡು ನಿಮಿಷದಲ್ಲಿ ಹೇಳಿ ಮುಗಿಸಬಹುದು. ಆಗ ಮಗುವಿಗೆ ಉಳಿಯುವುದು ಪರೀಕ್ಷೆಯಲ್ಲಿ ಬರೆಯಬಹುದಾದ ಒಂದು ಸಂಖ್ಯೆ. ಹೀಗೆಯೇ ತೂತು ಕೊರೆದ ರಟ್ಟಿನ ಪಟ್ಟಿಯಿಂದ ನೂಲುಗಳನ್ನು ನಿಯಂತ್ರಿಸುವ ಜಕಾರ್ಡ್ ಸಾಧನ ಅಳವಡಿಸಿದ ಮಗ್ಗ ಕಣ್ಣಿಗೆ ಬೀಳುವ ನೇಕಾರರ ಊರಿನಲ್ಲಿ ಕಂಪ್ಯೂಟರಿನ ದ್ವಿಮಾನ ಪದ್ಧತಿ, ಅಂದರೆ ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳಲ್ಲಿ ಎಲ್ಲವನ್ನೂ ಬರೆಯುವ ಕ್ರಮ, ಪುಸ್ತಕದಿಂದ ಆರಂಭವಾಗಬೇಕಿಲ್ಲ: ತೂತು ಇದ್ದರೆ ನೂಲು ಏಳುತ್ತದೆ, ಇಲ್ಲದಿದ್ದರೆ ಇಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಚಾರ್ಲ್ಸ್ ಬ್ಯಾಬೇಜ್ ತನ್ನ ಗಣನಯಂತ್ರದ ಕಲ್ಪನೆಗೆ ತೂತಿನ ಪಟ್ಟಿಯನ್ನು ಎರವಲು ಪಡೆದದ್ದು ಈ ಮಗ್ಗದಿಂದಲೇ.

ಕಣಿವೆಯ ದೊಡ್ಡವರು ಯಂತ್ರದ ಉದ್ದೇಶವನ್ನು ಚೆನ್ನಾಗಿಯೇ ಬಲ್ಲರು ಎಂಬುದನ್ನು ಇಲ್ಲಿ ಪ್ರಾಸಂಗಿಕವಾಗಿ ಹೇಳಬಹುದು. ಬೋಡಿನಾಯಕನೂರಿನ ಏಲಕ್ಕಿ ಹರಾಜು ಸಾಂಬಾರ ಮಂಡಳಿಯ ವ್ಯವಸ್ಥೆಯಡಿ ಬಾಯಿಕೂಗಿನಿಂದ ಕಂಪ್ಯೂಟರಿಗೆ ಬದಲಾದಾಗ, ಪ್ರತಿ ಬಿಡ್ಡು ಪರದೆಯ ಮೇಲೆ ಎಲ್ಲರಿಗೂ ಕಾಣಬೇಕೆಂಬ ಸ್ಪಷ್ಟ ಕಾರಣವಿತ್ತು. ಶಾಲೆಯ ಪರದೆಗೆ ಅಷ್ಟೇ ಸ್ಪಷ್ಟವಾದ ಕಾರಣವನ್ನು ಅದೇ ಬೆಳೆಗಾರ ಪೋಷಕನಾಗಿ ಕೇಳುವುದು ಅಪರೂಪ.

ಆದರೆ ಈ ಪ್ರದೇಶದ ಕನ್ನಡ ಮಕ್ಕಳ ಮಟ್ಟಿಗೆ ಅತ್ಯಂತ ಮುಖ್ಯವಾದ, ಅತ್ಯಂತ ಅಗ್ಗವಾದ ಮತ್ತು ಈವರೆಗೆ ಕೈಗೆತ್ತಿಕೊಳ್ಳದ ಉದ್ದೇಶ ಬೇರೊಂದಿದೆ. ಕೆನಡಾದ ಭಾಷಾಶಿಕ್ಷಣ ವಿದ್ವಾಂಸ ಜಿಮ್ ಕಮ್ಮಿನ್ಸ್ 1979ರಲ್ಲಿ ಮಂಡಿಸಿದ ಪರಸ್ಪರಾವಲಂಬನೆಯ ಸಿದ್ಧಾಂತದ ಪ್ರಕಾರ, ಮಗು ಮೊದಲ ಭಾಷೆಯಲ್ಲಿ ಗಳಿಸಿದ ಆಲೋಚನೆಯ ಸಾಮರ್ಥ್ಯ ಎರಡನೆಯ ಭಾಷೆಗೆ ದಾಟುತ್ತದೆ. ಮೊದಲ ಭಾಷೆಯನ್ನು ಅದುಮಿದರೆ ಎರಡನೆಯದೂ ಸೊರಗುತ್ತದೆ. 1953ರಷ್ಟು ಹಿಂದೆಯೇ ಯುನೆಸ್ಕೋದ ತಜ್ಞರ ವರದಿ ಆರಂಭಿಕ ಶಿಕ್ಷಣ ತಾಯ್ನುಡಿಯಲ್ಲಿರಬೇಕೆಂದು ಹೇಳಿತ್ತು. ಕಂಬಂ ಕಣಿವೆಯಲ್ಲಿ ಕನ್ನಡ ಮಾಧ್ಯಮದ ಶಾಲೆಗೆ ಬೇಡಿಕೆಯೂ ಇಲ್ಲ, ಸಮುದಾಯಗಳು ಅದನ್ನು ಬಯಸುತ್ತಿರುವ ಲಕ್ಷಣವೂ ಇಲ್ಲ. ಇಲ್ಲಿ ಸಾಧ್ಯವಿರುವುದು ಸೇತುವೆಯ ಕೆಲಸ: ತಮಿಳು ತರಗತಿಯೊಳಗೆ ಮನೆಯ ಕನ್ನಡಕ್ಕೆ ಒಂದಿಷ್ಟು ಜಾಗ. ಮೂರನೆಯ ತರಗತಿಯ ಮಗು ಅಜ್ಜಿಯ ಬಾಯಿಂದ ಬಿತ್ತನೆಯ, ದನಕರುಗಳ, ಹಬ್ಬದ ಮಾತುಗಳನ್ನು ಫೋನಿನಲ್ಲಿ ಧ್ವನಿಮುದ್ರಿಸಿ ತಂದು, ತರಗತಿಯಲ್ಲಿ ಕೇಳಿಸಿ, ಅದನ್ನು ತಮಿಳಿನಲ್ಲಿ ವಿವರಿಸಿ ಬರೆದರೆ, ತಮಿಳು ಪಾಠಕ್ಕೆ ಅದಕ್ಕಿಂತ ಒಳ್ಳೆಯ ಅಭ್ಯಾಸ ಬೇರಿಲ್ಲ. ಮನೆಯ ಮಾತು ಶಾಲೆಗೆ ತಕ್ಕದ್ದಲ್ಲ ಎಂಬ ಹಿಂಜರಿಕೆಯೂ ಕರಗುತ್ತದೆ. ಕಂಬಂನ ನಂದಗೋಪಾಲಸ್ವಾಮಿ ದೇವಸ್ಥಾನದ ದನಗಳ ಹಟ್ಟಿಗೂ ಒಕ್ಕಲಿಗ ಕಪ್ಪಿಲಿಯರ ಆಚರಣೆಗಳಿಗೂ ಇರುವ ನಂಟಿನಂಥ ವಿಷಯ ಯಾವ ಪಠ್ಯಪುಸ್ತಕದ ಕ್ಯೂಆರ್ ಸಂಕೇತದ ಹಿಂದೆಯೂ ಸಿಗುವಂಥದಲ್ಲ. ಸೀಮೆಸುಣ್ಣಕ್ಕೆ ಧ್ವನಿಯನ್ನು ಹಿಡಿದಿಡಲಾಗದು, ಫೋನಿಗೆ ಆಗುತ್ತದೆ. ಉದ್ದೇಶದ ಪರೀಕ್ಷೆಯಲ್ಲಿ ಈ ಬಳಕೆ ಅಡ್ಡಿಯಿಲ್ಲದೆ ತೇರ್ಗಡೆಯಾಗುತ್ತದೆ.

ಬರಹದ ವಿಷಯಕ್ಕೆ ಬಂದರೆ ತೊಡಕು ಹೆಚ್ಚು. ಕನ್ನಡ ಲಿಪಿ ಬಾರದ ಕುಟುಂಬಗಳು ಕನ್ನಡದ ಮಾತನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಯಬೇಕಾದರೆ ತಮಿಳು ಲಿಪಿಯನ್ನೋ ರೋಮನ್ ಲಿಪಿಯನ್ನೋ ಬಳಸಬೇಕು. ತಮಿಳು ಲಿಪಿಯಲ್ಲಿ ಕಕಾರ–ಗಕಾರಗಳಿಗೆ ಒಂದೇ ಅಕ್ಷರವಿರುವುದರಿಂದ ಗಾಳಿ ಮತ್ತು ಕಾಳಿ ಒಂದೇ ಬಗೆಯಾಗಿ ಕಾಣುತ್ತವೆ. ಲಿಪ್ಯಂತರ ತಂತ್ರಾಂಶಗಳು ಈಗ ಸುಲಭವಾಗಿ ಸಿಗುವುದರಿಂದ ಒಂದೇ ಪುಟದಲ್ಲಿ ಎರಡೂ ಲಿಪಿಗಳನ್ನು ಅಕ್ಕಪಕ್ಕ ಇಡಬಹುದು. ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಅದೇ ಚಿತ್ರಕಥೆ ತಮಿಳಿನಲ್ಲಿಯೂ ಕನ್ನಡದಲ್ಲಿಯೂ ಮುಕ್ತ ಪರವಾನಗಿಯಲ್ಲಿ ದೊರೆಯುತ್ತದೆ, ಅಂದರೆ ಯಾರ ಅನುಮತಿಯನ್ನೂ ಕೇಳದೆ ಅದನ್ನು ಮುದ್ರಿಸಬಹುದು, ತಿದ್ದಿ ತಮ್ಮ ಊರಿನ ಮಾತಿಗೆ ಹೊಂದಿಸಬಹುದು. ಮಾತನ್ನು ಕೇಳಿ ಬರಹಕ್ಕಿಳಿಸುವ ಯಂತ್ರಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. 2022ರಲ್ಲಿ ಆರಂಭವಾದ ಭಾಷಿಣಿ ಯೋಜನೆಯೂ ಮದ್ರಾಸ್ ಐಐಟಿಯ ಎಐ4ಭಾರತ್ ತಂಡವೂ ಕನ್ನಡಕ್ಕೆ ಗಣನೀಯ ಕೆಲಸ ಮಾಡಿವೆಯಾದರೂ, ಶತಮಾನಗಳಿಂದ ತಮಿಳಿನ ನಡುವೆ ಬೆಳೆದ ಆಡುಮಾತಿನ ಮುಂದೆ ಕರ್ನಾಟಕದ ಕನ್ನಡ ಕೇಳಿ ಕಲಿತ ಯಂತ್ರ ಎಡವುವುದು ಸಹಜ. ಆಗ ಮಗುವಿನ ಮಾತು ತಪ್ಪೆಂದು ಪರದೆ ತೋರಿಸಿದರೆ ಲಾಭಕ್ಕಿಂತ ಹಾನಿಯೇ ಹೆಚ್ಚು.

ಘಟ್ಟದ ಆಚೆ, ಕಂಬಂನಿಂದ ಬಸ್ಸಿನಲ್ಲಿ ಒಂದು ಗಂಟೆಯೊಳಗೆ ಸಿಗುವ ಕುಮಿಳಿಯಿಂದ ಮುಂದೆ, ಕೇರಳದ ಅನುಭವ ಬೇರೆ ತೆರನದು. ಅಲ್ಲಿ 2001ರ ಸುಮಾರಿಗೆ ಆರಂಭವಾಗಿ ಈಗ ಕೈಟ್ ಎಂಬ ಸಂಸ್ಥೆಯಾಗಿರುವ ಐಟಿ ಅಟ್ ಸ್ಕೂಲ್ ಯೋಜನೆ ಸ್ವತಂತ್ರ ತಂತ್ರಾಂಶವನ್ನು, ಅಂದರೆ ಯಾರು ಬೇಕಾದರೂ ಬಳಸಿ ಬದಲಾಯಿಸಬಹುದಾದ ತಂತ್ರಾಂಶವನ್ನು ಆರಿಸಿಕೊಂಡಿತು. ಶಾಲಾಶಿಕ್ಷಕರನ್ನೇ ತರಬೇತುದಾರರನ್ನಾಗಿಸಿತು, ಯಂತ್ರ ಕೆಟ್ಟರೆ ನೋಡಿಕೊಳ್ಳುವಷ್ಟು ಅರಿವನ್ನು ಶಾಲೆಯೊಳಗೇ ಬೆಳೆಸಿತು. 2020ರ ಜೂನ್‌ನಲ್ಲಿ ವಿಕ್ಟರ್ಸ್ ಎಂಬ ಶೈಕ್ಷಣಿಕ ವಾಹಿನಿಯ ಮೂಲಕ ಫಸ್ಟ್ ಬೆಲ್ ಎಂಬ ಕೋವಿಡ್ ಕಾಲದ ಪಾಠಗಳು ಆರಂಭವಾದಾಗ ಕಾಸರಗೋಡಿನ ಮಕ್ಕಳಿಗಾಗಿ ಕನ್ನಡದಲ್ಲಿ, ಇಡುಕ್ಕಿ ಮತ್ತು ಪಾಲಕ್ಕಾಡಿನ ಮಕ್ಕಳಿಗಾಗಿ ತಮಿಳಿನಲ್ಲಿ ಪಾಠಗಳು ಸಿದ್ಧಗೊಂಡವು. ಕಾಸರಗೋಡಿನ ಕನ್ನಡಿಗರಿಗೆ ಕನ್ನಡ ಮಾಧ್ಯಮದ ಶಾಲೆ ಮೊದಲೇ ಇದ್ದುದರಿಂದ ಪರದೆಯಲ್ಲಿಯೂ ಜಾಗ ಸಿಕ್ಕಿತು. ಶಾಲೆಯಲ್ಲಿ ಇಲ್ಲದ ಭಾಷೆಗೆ ತಂತ್ರಜ್ಞಾನ ತಾನಾಗಿ ಬಾಗಿಲು ತೆರೆಯುವುದಿಲ್ಲ. ಇರುವ ವ್ಯವಸ್ಥೆಯನ್ನೇ ಅದು ದೊಡ್ಡದಾಗಿಸಿ ತೋರಿಸುತ್ತದೆ. ಕರ್ನಾಟಕದಲ್ಲಿ ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆಯೊಂದಿಗೆ ಸೇರಿ ಶಿಕ್ಷಕರಿಂದಲೇ ಕನ್ನಡದ ಮುಕ್ತ ಸಂಪನ್ಮೂಲಗಳನ್ನು ಬರೆಸಿದ ಪ್ರಯತ್ನವೂ ಕೇರಳದ ದಾರಿಗೆ ಹತ್ತಿರವಾದದ್ದು.

ಇಂಥ ದಾರಿ ಹಿಡಿಯಲು ತಮಿಳುನಾಡಿಗಿರುವ ಸಮಸ್ಯೆ ಶಿಕ್ಷಕರ ಸಾಮರ್ಥ್ಯದ್ದಲ್ಲ, ಹೊತ್ತಿನದು. ಆಂಧ್ರದ ಋಷಿವ್ಯಾಲಿ ಶಾಲೆಯ ಮಾದರಿಯಿಂದ ರೂಪುಗೊಂಡು 2007ರ ವೇಳೆಗೆ ರಾಜ್ಯದ ಪ್ರಾಥಮಿಕ ಶಾಲೆಗಳಿಗೆಲ್ಲ ಹಬ್ಬಿದ ಚಟುವಟಿಕೆ ಆಧಾರಿತ ಕಲಿಕೆಯಲ್ಲಿ ಇದೇ ಶಿಕ್ಷಕರು ರಟ್ಟಿನ ಕಾರ್ಡುಗಳನ್ನು ಬಳಸಿ ಪ್ರತಿ ಮಗುವೂ ತನ್ನ ವೇಗದಲ್ಲಿ ಮೆಟ್ಟಿಲೇರುವ ಕ್ರಮವನ್ನು ನಡೆಸಿದ್ದರು. ಮೈಂಡ್‌ಸ್ಪಾರ್ಕ್ ಯಂತ್ರದಿಂದ ಮಾಡಿದ್ದನ್ನು ಅವರು ಕಾಗದದಿಂದ ಮಾಡಲು ಹೊರಟಿದ್ದರು. 2022ರಲ್ಲಿ ಆರಂಭವಾದ ಎಣ್ಣುಂ ಎಳುತ್ತುಂ ಯೋಜನೆ ಮಕ್ಕಳನ್ನು ಅರುಂಬು, ಮೊಟ್ಟು, ಮಲರ್ ಎಂಬ ಮೂರು ಹಂತಗಳಲ್ಲಿ ಗುಂಪು ಮಾಡಿ ಅದೇ ತತ್ತ್ವವನ್ನು ಮುಂದುವರಿಸುತ್ತದೆ. ಇದರ ಜೊತೆಗೆ ಬಂದದ್ದು ದತ್ತಾಂಶದ ಹೊರೆ. ಎಮಿಸ್ ಎಂಬ ಶೈಕ್ಷಣಿಕ ಮಾಹಿತಿ ವ್ಯವಸ್ಥೆಗೆ ಹಾಜರಿ, ಮೌಲ್ಯಮಾಪನ, ಉಚಿತ ಸಾಮಗ್ರಿಗಳ ವಿತರಣೆ ಎಲ್ಲವನ್ನೂ ತುಂಬಬೇಕು. ಪಾಠದ ಹೊತ್ತು ಇದಕ್ಕೆ ಹೋಗುತ್ತದೆ ಎಂಬ ದೂರು ಶಿಕ್ಷಕ ಸಂಘಟನೆಗಳಿಂದ ಮತ್ತೆ ಮತ್ತೆ ಕೇಳಿಬಂದಿದೆ. ಇಬ್ಬರೇ ಶಿಕ್ಷಕರಿರುವ ಹಳ್ಳಿಯ ಶಾಲೆಯಲ್ಲಿ ಒಬ್ಬರು ಫೋನಿನಲ್ಲಿ ಅಂಕಿಗಳನ್ನು ತುಂಬುತ್ತಿದ್ದರೆ ಅರ್ಧ ಶಾಲೆ ನಿಂತಂತೆ. ಲಿಂಡನ್ ಕಂಡ ಸಂಗತಿ, ಪಾಠವನ್ನು ನುಂಗುವ ಯಂತ್ರ ಕಲಿಕೆಯನ್ನು ಇಳಿಸುತ್ತದೆ ಎಂಬುದು, ಮಗುವಿನ ಮುಂದಿನ ಪರದೆಯಷ್ಟೇ ಶಿಕ್ಷಕಿಯ ಕೈಯ ಪರದೆಗೂ ಅನ್ವಯಿಸುತ್ತದೆ.

ಮೇಘಮಲೆ, ಕೊಡೈ ಬೆಟ್ಟದ ಒಳಹಳ್ಳಿಗಳಲ್ಲಿ, ಪಳಿಯರಂಥ ಬುಡಕಟ್ಟುಗಳ ಮಕ್ಕಳು ಓದುವ ಶಾಲೆಗಳಲ್ಲಿ, ನೆಟ್‌ವರ್ಕ್ ಮತ್ತು ವಿದ್ಯುತ್ತಿನ ಪ್ರಶ್ನೆ ಇನ್ನೂ ಮೊದಲ ಪ್ರಶ್ನೆಯೇ. ಅಲ್ಲಿಗೆ ಜಾಲಸಂಪರ್ಕ ಬೇಡದ, ಮೆಮೊರಿ ಕಾರ್ಡಿನಲ್ಲಿ ಹೋಗುವ ಸಾಮಗ್ರಿಯೇ ಸೂಕ್ತ. ಕಣಿವೆಯ ಕೆಳಭಾಗದಲ್ಲಿ ಅಂಥ ಅಡ್ಡಿ ಕಡಿಮೆ. ಅಲ್ಲಿ ಕನ್ನಡದ ಸೇತುವೆ ಕೆಲಸಕ್ಕೆ ಹೊಸ ಇಲಾಖೆಯಾಗಲಿ ಹೊಸ ಕಟ್ಟಡವಾಗಲಿ ಬೇಕಿಲ್ಲ, ಏಕೆಂದರೆ ಇಲ್ಲಂ ತೇಡಿ ಕಲ್ವಿ ಮಾದರಿಯಲ್ಲಿ ಸ್ವಯಂಸೇವಕಿಯನ್ನು ಆಯಾ ಊರಿನಿಂದಲೇ ಆರಿಸಲಾಗುತ್ತದೆ, ಮತ್ತು ಕನ್ನಡದ ಬೀದಿಯಲ್ಲಿ ಆಕೆ ಕನ್ನಡದವಳೇ ಆಗಿರುವ ಸಾಧ್ಯತೆ ಹೆಚ್ಚು. ಮೈಸೂರಿನಲ್ಲಿ 1969ರಿಂದ ಇರುವ ಭಾರತೀಯ ಭಾಷಾ ಸಂಸ್ಥಾನಕ್ಕೆ ಇಂಥ ದ್ವಿಭಾಷಾ ಪ್ರವೇಶಿಕೆಗಳನ್ನು ತಯಾರಿಸುವುದು ತಿಳಿದ ಕೆಲಸ. ಗಾಂಧಿಗ್ರಾಮದ ವಿಶ್ವವಿದ್ಯಾಲಯ ಪಕ್ಕದಲ್ಲೇ ಇದೆ. ಇವೆರಡು ಸೇರಿ ತಮಿಳು ಲಿಪಿಯಲ್ಲೂ ಕನ್ನಡ ಲಿಪಿಯಲ್ಲೂ ಅಚ್ಚಾದ ನಲವತ್ತು ಪುಟದ ಒಂದು ಓದುಪುಸ್ತಕ, ಅದೇ ಊರಿನ ಹಿರಿಯರ ದನಿಯಲ್ಲಿ ಅದರ ಧ್ವನಿಮುದ್ರಣ, ಮತ್ತು ಸ್ವಯಂಸೇವಕಿಯರಿಗೆ ಕೆಲವು ದಿನಗಳ ತರಬೇತಿ ಕೊಡುವುದಾದರೆ, ಅದಕ್ಕೆ ತಗಲುವ ವೆಚ್ಚ ಕೆಲವೇ ಶಾಲೆಗಳ ಸ್ಮಾರ್ಟ್ ಬೋರ್ಡುಗಳ ಬೆಲೆಯನ್ನು ಮೀರುವಂತಿಲ್ಲ.